ಉತ್ತರ ಕೊಡುವ ಗೆಳೆಯರು, ಉತ್ತರ ಕೊಡದ ದೇವರು

ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ತೋಚದಾಗ ನಾವೆಲ್ಲ ಆಡುವ ಕೆಲವು ಮಾತುಗಳಿವೆ. ಎಲ್ಲ ದೇವರ ಇಚ್ಛೆ, ಒಳ್ಳೆಯವರನ್ನೇ ಅವನು ಬೇಗ ಕರೆಸಿಕೊಳ್ಳುತ್ತಾನೆ, ಇದರಲ್ಲೂ ಏನೋ ಒಂದು ಉದ್ದೇಶ ಇರುತ್ತದೆ. ಆಡುವವರ ಮನಸ್ಸು ಕೆಟ್ಟದ್ದೇನಲ್ಲ. ಆದರೂ ಕಳೆದುಕೊಂಡವರಿಗೆ ಆ ಮಾತು ಸಮಾಧಾನ ತರುವುದಕ್ಕಿಂತ ಅವರ ಬಾಯಿ ಕಟ್ಟುವುದೇ ಹೆಚ್ಚು. ಕಾರಣ ಸಿಕ್ಕಿಬಿಟ್ಟ ಮೇಲೆ ಅಳುವುದಕ್ಕೆ ಏನು ಉಳಿಯಿತು?

ಕಷ್ಟಕ್ಕೆ ಆಧ್ಯಾತ್ಮಿಕ ಅರ್ಥ ಹುಡುಕುವ ಎಲ್ಲ ಧರ್ಮಗಳಿಗೂ ಈ ಅಪಾಯವಿದೆ. ಕ್ರೈಸ್ತ ಧರ್ಮಕ್ಕೆ ಅದು ಇನ್ನೂ ಹತ್ತಿರದ್ದು, ಯಾಕೆಂದರೆ ಅದರ ನಡುಮನೆಯಲ್ಲೇ ಒಂದು ಶಿಲುಬೆ ನಿಂತಿದೆ. ಅದನ್ನು ತೋರಿಸಿ ಯಾವ ನೋವನ್ನಾದರೂ ಪವಿತ್ರ ಎಂದುಬಿಡುವುದು ಸುಲಭ. ಆದರೆ ಅದೇ ಪರಂಪರೆಯ ಒಳಗೆ, ಅದರ ಧರ್ಮಗ್ರಂಥದ ಒಳಗೇ, ಈ ಸುಲಭದ ಅರ್ಥಗಳನ್ನು ಒಪ್ಪದ ಗಟ್ಟಿ ದನಿಯೊಂದಿದೆ. ಆ ದನಿಯನ್ನು ಇಲ್ಲಿ ಮೂರು ಕೃತಿಗಳಲ್ಲಿ ಹಿಂಬಾಲಿಸಲು ಪ್ರಯತ್ನಿಸುತ್ತೇನೆ: ಬೈಬಲ್ಲಿನ ಯೋಬನ ಗ್ರಂಥ, ಸಿ.ಎಸ್. ಲೂಯಿಸ್ 1961ರಲ್ಲಿ ಪ್ರಕಟಿಸಿದ 'ಎ ಗ್ರೀಫ್ ಅಬ್ಸರ್ವ್ಡ್', ಜಪಾನಿನ ಶುಸಾಕು ಎಂಡೊ ಅವರ 1966ರ ಕಾದಂಬರಿ 'ಚಿನ್ಮೋಕು', ಅಂದರೆ 'ಮೌನ'. ನನ್ನ ವಾದ ಇಷ್ಟು. ಈ ಮೂರರಲ್ಲೂ ಕಷ್ಟದ ಅರ್ಥ ಒಂದು ವಿವರಣೆಯಾಗಿ ಕೈಗೆ ಸಿಗುವುದಿಲ್ಲ. ದೇವರ ಬಗ್ಗೆ ಆಡುತ್ತಿದ್ದ ಮಾತು ದೇವರೊಂದಿಗೆ ಆಡುವ ಮಾತಾಗಿ ತಿರುಗುವ ಕಡೆ, 'ಅವನು' ಎನ್ನುವುದು 'ನೀನು' ಆಗುವ ಕಡೆ, ಏನಾದರೂ ಸಿಗುವುದಿದ್ದರೆ ಸಿಗುತ್ತದೆ.

ಯಾರು ಯಾರನ್ನು ಶೋಧಿಸುತ್ತಾರೆ?

ನಂಬಿಕೆಗೆ ಎದುರಾಗುವ ಪರೀಕ್ಷೆಯನ್ನು ಹೇಳಲು ಕನ್ನಡ ಬೈಬಲ್ಲಿನಲ್ಲಿ ಬಳಕೆಯಾಗುವ ಪದಗಳಲ್ಲಿ 'ಶೋಧನೆ' ಮುಖ್ಯವಾದದ್ದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಪೈರಾಸ್ಮೊಸ್' ಪದಕ್ಕೆ ಪರೀಕ್ಷೆ, ಪ್ರಲೋಭನೆ ಎಂಬ ಎರಡೂ ಅರ್ಥಗಳಿವೆ. ನಮ್ಮ ಶೋಧನೆಗೆ ಅದರ ಜೊತೆ ಇನ್ನೆರಡು ಅರ್ಥಗಳು ತಾನಾಗಿಯೇ ಸೇರಿಕೊಂಡಿವೆ: ಹುಡುಕುವುದು, ಶುದ್ಧಗೊಳಿಸುವುದು. ಪ್ರವಚನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಕೊನೆಯ ಅರ್ಥ. ಅಕ್ಕಸಾಲಿಗ ಚಿನ್ನವನ್ನು ಬೆಂಕಿಗೆ ಒಡ್ಡುವಂತೆ ದೇವರು ಮನುಷ್ಯನನ್ನು ಕಷ್ಟಕ್ಕೆ ಒಡ್ಡುತ್ತಾನೆ ಎಂಬ ರೂಪಕ. ಯೋಬನ ಗ್ರಂಥದ 23ನೇ ಅಧ್ಯಾಯದಲ್ಲೂ ಈ ಚಿನ್ನದ ರೂಪಕ ಇದೆ. ಆದರೆ ಅದರ ಹಿಂದೆಯೇ ಇನ್ನೊಂದು ಚಿತ್ರವಿದೆ. ಯೋಬ ಮುಂದೆ ನೋಡುತ್ತಾನೆ, ಹಿಂದೆ ನೋಡುತ್ತಾನೆ, ಎಡಕ್ಕೆ ಬಲಕ್ಕೆ ಹುಡುಕುತ್ತಾನೆ, ಎಲ್ಲೂ ದೇವರು ಕಾಣುವುದಿಲ್ಲ. ದೇವರು ಮನುಷ್ಯನನ್ನು ಶೋಧಿಸುತ್ತಿರುವಾಗ ಮನುಷ್ಯ ದೇವರನ್ನು ಶೋಧಿಸುತ್ತಿದ್ದಾನೆ. ಪ್ರವಚನಗಳು ಮೊದಲನೆಯ ಶೋಧನೆಯನ್ನು ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಯೋಬನ ಗ್ರಂಥದ ಬಹುಪಾಲು ಇರುವುದು ಎರಡನೆಯದರ ಬಗ್ಗೆ.

'ಸುಮ್ಮನೆ' ಬಂದ ಕಷ್ಟ

42 ಅಧ್ಯಾಯಗಳ ಈ ಗ್ರಂಥಕ್ಕೆ ಗದ್ಯದ ಚೌಕಟ್ಟು, ಪದ್ಯದ ಒಡಲು. ಮೊದಲ ಎರಡು ಅಧ್ಯಾಯಗಳ ಗದ್ಯದಲ್ಲಿ ಊಚ್ ದೇಶದ ಯೋಬ ನೀತಿವಂತ, ಸಿರಿವಂತ, ಹತ್ತು ಮಕ್ಕಳ ತಂದೆ. ದೇವರ ಸಭೆಯಲ್ಲಿ ಸೈತಾನ ಒಂದು ಪ್ರಶ್ನೆ ಎತ್ತುತ್ತಾನೆ. (ಹೀಬ್ರೂ ಮೂಲದಲ್ಲಿ ಇದು ಹೆಸರಿಗಿಂತ ಹೆಚ್ಚಾಗಿ ಒಂದು ಹುದ್ದೆ. ಆರೋಪ ಹೊರಿಸುವವನು ಎಂದು ಅರ್ಥ.) ಯೋಬ ದೇವರಿಗೆ ಭಯಪಡುವುದು ಸುಮ್ಮನೆಯೇ, ಪ್ರತಿಫಲ ಇಲ್ಲದೆಯೇ ಎಂಬುದು ಅವನ ಪ್ರಶ್ನೆ. ಇಲ್ಲಿರುವ ಹೀಬ್ರೂ ಪದ 'ಹಿನ್ನಾಮ್'. ಮುಂದಿನ ಅಧ್ಯಾಯದಲ್ಲಿ ಇದೇ ಪದ ಮತ್ತೆ ಬರುತ್ತದೆ, ಈ ಬಾರಿ ದೇವರ ಬಾಯಲ್ಲಿ. ಯೋಬನನ್ನು ಹಿನ್ನಾಮ್ ಹಾಳುಮಾಡಲು ನೀನು ನನ್ನನ್ನು ಪ್ರೇರೇಪಿಸಿದೆ ಎಂದು ದೇವರು ಸೈತಾನನಿಗೆ ಹೇಳುತ್ತಾನೆ. ಒಂದು ಕಡೆ ಪ್ರತಿಫಲವಿಲ್ಲದೆ, ಇನ್ನೊಂದು ಕಡೆ ಕಾರಣವಿಲ್ಲದೆ. ಎರಡಕ್ಕೂ ಹೊಂದುವ ಪದ ಕನ್ನಡದಲ್ಲಿದೆ: ಸುಮ್ಮನೆ. ಭಕ್ತಿ ಸುಮ್ಮನೆ ಇರಬಹುದೇ ಎಂದು ಪರೀಕ್ಷಿಸಲು ಕಷ್ಟವೂ ಸುಮ್ಮನೆ ಬರಬೇಕಾಯಿತು. ಗ್ರಂಥದ ಆರಂಭದಲ್ಲೇ ಓದುಗರಿಗೆ ಇದು ಗೊತ್ತಾಗಿದೆ. ಮುಂದೆ ಯಾರು ಎಷ್ಟೇ ಜಾಣತನದಿಂದ ಕಾರಣ ಕೊಟ್ಟರೂ ಅದು ಸುಳ್ಳು ಎಂಬುದು ನಮಗೆ ಗೊತ್ತು.

ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಕೊಡುವುದು ಅಂಥ ಕಾರಣಗಳನ್ನೇ. ಅವರನ್ನು ಮೂರ್ಖರೆಂದು ತಳ್ಳಿಹಾಕುವ ಹಾಗಿಲ್ಲ. ಅವರು ಹೇಳುವ ಸಿದ್ಧಾಂತ, ನೀತಿವಂತರಿಗೆ ಒಳಿತು ದುಷ್ಟರಿಗೆ ಕೇಡು ಎಂಬುದು, ಜ್ಞಾನೋಕ್ತಿಗಳಲ್ಲೂ ಧರ್ಮೋಪದೇಶಕಾಂಡದಲ್ಲೂ ಬರುವ ಮಾತೇ. ಎಲೀಫಜನ ಮೊದಲ ಭಾಷಣದಲ್ಲಿ ನಿಜವಾದ ಮೃದುತ್ವವಿದೆ, ಕಾವ್ಯವಿದೆ. ಆದರೆ ಯೋಬ ಒಪ್ಪದೆ ಹೋದಂತೆಲ್ಲ ಅವರ ದನಿ ಗಡುಸಾಗುತ್ತದೆ. 22ನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅದೇ ಎಲೀಫಜ ಯೋಬ ಮಾಡಿಯೇ ಇಲ್ಲದ ಪಾಪಗಳ ಪಟ್ಟಿ ಹೇಳುತ್ತಿದ್ದಾನೆ: ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ, ಬಾಯಾರಿದವರಿಗೆ ನೀರು ಕೊಡಲಿಲ್ಲ. ಸಿದ್ಧಾಂತ ಉಳಿಯಬೇಕಾದರೆ ಮನುಷ್ಯ ಪಾಪಿಯಾಗಲೇಬೇಕು. ವಿವರಣೆ ಎಂಬುದು ಎಷ್ಟು ಬೇಗ ಆರೋಪವಾಗುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಬೇರೆ ಕೃತಿ ನನಗೆ ಗೊತ್ತಿಲ್ಲ.

ಯೋಬನ ಭಾಷೆ ಬೇರೆ. ಅದು ನ್ಯಾಯಾಲಯದ ಭಾಷೆ. ತನಗೂ ದೇವರಿಗೂ ನಡುವೆ ಒಬ್ಬ ಪಂಚ ಬೇಕು, ಪರಲೋಕದಲ್ಲಿ ಒಬ್ಬ ಸಾಕ್ಷಿ ಬೇಕು, ಆರೋಪಪತ್ರವನ್ನು ಬರೆದು ಕೊಡಲಿ, ತಾನು ಸಹಿ ಹಾಕಿ ನಿಲ್ಲುತ್ತೇನೆ ಎನ್ನುತ್ತಾನೆ. ಯಾಕೋಬನ ಪತ್ರಿಕೆ ಯೋಬನನ್ನು ತಾಳ್ಮೆಯ ಮಾದರಿಯಾಗಿ ನೆನೆದ ಮೇಲೆ ಕ್ರೈಸ್ತ ಜನಮನಸ್ಸಿನಲ್ಲಿ ತಾಳ್ಮೆಯ ಯೋಬನೇ ಉಳಿದ. ಆದರೆ ಆ ಯೋಬ ಮೊದಲ ಎರಡು ಅಧ್ಯಾಯಗಳಿಗೆ ಸೀಮಿತ. ಮೂರನೇ ಅಧ್ಯಾಯದಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಅಲ್ಲಿಂದ ಮುಂದೆ ಅವನಲ್ಲಿ ತಾಳ್ಮೆ ಎನ್ನಬಹುದಾದದ್ದು ಹೆಚ್ಚೇನಿಲ್ಲ.

ಹಾಗಾದರೆ ಗೆಳೆಯರಿಗೂ ಯೋಬನಿಗೂ ಇರುವ ವ್ಯತ್ಯಾಸ ಏನು? ಅದು ವ್ಯಾಕರಣದಲ್ಲಿದೆ. ಗೆಳೆಯರು ದೇವರ ಬಗ್ಗೆ ಇಡೀ ಗ್ರಂಥದುದ್ದಕ್ಕೂ ಮಾತಾಡುತ್ತಾರೆ, ಆದರೆ ಒಮ್ಮೆಯೂ ದೇವರ ಕಡೆ ತಿರುಗಿ ಮಾತಾಡುವುದಿಲ್ಲ. ಯೋಬ ಗೆಳೆಯರಿಗೆ ಉತ್ತರ ಕೊಡುತ್ತಾ ಕೊಡುತ್ತಾ ನಡುವೆಯೇ ಮುಖ ತಿರುಗಿಸುತ್ತಾನೆ. 7ನೇ ಅಧ್ಯಾಯದಲ್ಲಿ, 10ರಲ್ಲಿ, 13ರಲ್ಲಿ 'ಅವನು' ಇದ್ದಕ್ಕಿದ್ದಂತೆ 'ನೀನು' ಆಗುತ್ತದೆ. ಆ 'ನೀನು' ಬಹುತೇಕ ದೂರು, ಕೆಲವೊಮ್ಮೆ ಬೈಗುಳಕ್ಕೆ ಹತ್ತಿರ. ಆದರೂ ಅದು 'ನೀನು'. ಗ್ರಂಥದ ಕೊನೆಯಲ್ಲಿ ದೇವರು ಕೊಡುವ ತೀರ್ಪಿಗೂ ಇದಕ್ಕೂ ಸಂಬಂಧವಿದೆ. ಗೆಳೆಯರು ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎನ್ನುತ್ತಾನೆ ದೇವರು. ಅನುವಾದಗಳಲ್ಲಿ ಇದು ಸಾಮಾನ್ಯವಾಗಿ 'ನನ್ನ ವಿಷಯವಾಗಿ' ಎಂದಿರುತ್ತದೆ. ಅಲ್ಲಿರುವ ಹೀಬ್ರೂ ಪದ 'ಎಲಾಯ್', ಅದರ ಸಹಜ ಅರ್ಥ 'ನನ್ನ ಕಡೆಗೆ, ನನ್ನೊಂದಿಗೆ'. ಹಾಗೆಯೇ ಓದಬೇಕೆನ್ನುವ ವಿದ್ವಾಂಸರೂ ಇದ್ದಾರೆ. ಆ ಓದನ್ನು ಒಪ್ಪಿದರೆ ತೀರ್ಪು ಸ್ಪಷ್ಟ: ದೇವರನ್ನು ಸಮರ್ಥಿಸಿಕೊಂಡವರಿಗಿಂತ ದೇವರೊಂದಿಗೆ ಜಗಳವಾಡಿದವನ ಮಾತು ನೆಟ್ಟಗಿತ್ತು.

ವಚನಗಳನ್ನು ಓದಿ ಬೆಳೆದ ನಮಗೆ ಈ ಏಕವಚನದ ಜಗಳ ಹೊಸದಲ್ಲ. ಆದರೆ ಯೋಬನಿಗೆ ಸಿಗುವ ಪ್ರತಿಕ್ರಿಯೆ ವಿಚಿತ್ರವಾದದ್ದು. 38ನೇ ಅಧ್ಯಾಯದಿಂದ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ, ಯೋಬ ಕೇಳಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ. ಮರಿ ಹಾಕುವ ಕಾಡುಮೇಕೆ, ಹಗ್ಗ ಕಟ್ಟಿಸಿಕೊಳ್ಳದ ಕಾಡುಕತ್ತೆ, ಮೊಟ್ಟೆಯನ್ನು ನೆಲದಲ್ಲೇ ಬಿಟ್ಟುಹೋಗುವ ಉಷ್ಟ್ರಪಕ್ಷಿ, ಮನುಷ್ಯರೇ ಇಲ್ಲದ ಮರುಭೂಮಿಯಲ್ಲಿ ಸುರಿಯುವ ಮಳೆ. ಸೈತಾನನ ಜೊತೆಗಿನ ಪಂಥದ ಸುದ್ದಿಯೇ ಇಲ್ಲ. ಇದನ್ನು ದಬ್ಬಾಳಿಕೆ ಎಂದು ಓದಿದವರಿದ್ದಾರೆ, ನನಗೂ ಆ ಓದು ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಆದರೆ ಆ ಮಳೆಯನ್ನು ಮರೆಯುವುದು ಕಷ್ಟ. ಅದು ಯಾರಿಗೂ ಪ್ರತಿಫಲವಲ್ಲ, ಯಾರಿಗೂ ಶಿಕ್ಷೆಯೂ ಅಲ್ಲ. ಅದೂ ಸುಮ್ಮನೆ ಸುರಿಯುತ್ತದೆ. ಇದಕ್ಕೆ ಯೋಬ ಕೊಡುವ ಕೊನೆಯ ಉತ್ತರದ ಕ್ರಿಯಾಪದವನ್ನು ಪಶ್ಚಾತ್ತಾಪಪಡುತ್ತೇನೆ ಎಂದೂ, ಮನಸ್ಸು ಬದಲಿಸುತ್ತೇನೆ ಎಂದೂ, ಸಮಾಧಾನಗೊಂಡಿದ್ದೇನೆ ಎಂದೂ ಅನುವಾದಿಸಬಹುದು. ಪರಂಪರೆ ಮೊದಲನೆಯದನ್ನು ಆರಿಸಿಕೊಂಡಿತು. ಮೂಲ ಆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ.

ಚಂದ್ರಮತಿಗೆ ಇದ್ದದ್ದು, ಯೋಬನ ಹೆಂಡತಿಗೆ ಇಲ್ಲದ್ದು

ಕನ್ನಡ ಓದುಗರಿಗೆ ಈ ಕಥೆ ರಾಘವಾಂಕನ ಹರಿಶ್ಚಂದ್ರನನ್ನು ನೆನಪಿಸದೆ ಇರದು. ಅಲ್ಲೂ ದೇವಸಭೆ, ಅಲ್ಲೂ ಒಬ್ಬ ಸಜ್ಜನನ ಮೇಲೆ ಕಟ್ಟಿದ ಪಂಥ. ಇಂದ್ರನ ಸಭೆಯಲ್ಲಿ ವಸಿಷ್ಠ ಹೊಗಳುತ್ತಾನೆ, ವಿಶ್ವಾಮಿತ್ರ ಸವಾಲು ಹಾಕುತ್ತಾನೆ, ಭೂಮಿಯ ಮೇಲೆ ಒಂದು ಸಂಸಾರ ಹಾಳಾಗುತ್ತದೆ. ಆದರೆ ಎರಡು ವ್ಯತ್ಯಾಸಗಳು ಮುಖ್ಯ. ಮೊದಲನೆಯದು, ರಾಘವಾಂಕನಲ್ಲಿ ಕೊನೆಗೆ ಎಲ್ಲ ಬಯಲಾಗುತ್ತದೆ. ವಿಶ್ವಾಮಿತ್ರನೇ ಎದುರು ಬಂದು ಸೋಲೊಪ್ಪುತ್ತಾನೆ, ಸತ್ತ ಮಗ ಏಳುತ್ತಾನೆ. ಯೋಬನಿಗೆ ಪಂಥದ ವಿಷಯ ಕೊನೆಯವರೆಗೂ ಗೊತ್ತಾಗುವುದಿಲ್ಲ, ಅವನ ಸತ್ತ ಮಕ್ಕಳು ಏಳುವುದೂ ಇಲ್ಲ. 7,000 ಕುರಿಗಳ ಬದಲು 14,000, 3,000 ಒಂಟೆಗಳ ಬದಲು 6,000 ಬರುತ್ತವೆ. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು, ಮೂರು ಹೆಣ್ಣು. ದನಕರುಗಳನ್ನು ಇಮ್ಮಡಿ ಮಾಡಿದ ಲೆಕ್ಕ ಮಕ್ಕಳ ಹತ್ತಿರ ಬಂದು ನಿಂತುಬಿಡುತ್ತದೆ. ಆ ಹತ್ತು ಗೋರಿಗಳನ್ನು ಯಾವ ಲೆಕ್ಕವೂ ತುಂಬಲಾರದು ಎಂದು ಕಥೆಗಾರನಿಗೂ ಗೊತ್ತಿತ್ತೇನೋ.

ಎರಡನೆಯದು ತಾಯಂದಿರದ್ದು. ಸ್ಮಶಾನದಲ್ಲಿ ಮಗನ ಹೆಣದ ಮುಂದೆ ಚಂದ್ರಮತಿಯ ಪ್ರಲಾಪ ನಮ್ಮ ಕಾವ್ಯದ ಅತ್ಯಂತ ಪ್ರಸಿದ್ಧ ಭಾಗಗಳಲ್ಲೊಂದು. ಯೋಬನ ಹೆಂಡತಿಗೆ ಹೀಬ್ರೂ ಪಠ್ಯ ಕೊಟ್ಟದ್ದು ಒಂದೇ ಒಂದು ಮಾತು. ದೇವರನ್ನು ದೂಷಿಸಿ ಸಾಯಿ ಎಂದು ಅವಳು ಗಂಡನಿಗೆ ಹೇಳುತ್ತಾಳೆ. ಅದಕ್ಕೆ ಅವಳನ್ನು ಸೈತಾನನ ಕೈಗೊಂಬೆ ಎಂದು ಬಗೆದ ವ್ಯಾಖ್ಯಾನಕಾರರು ಅನೇಕರು. ಆ ಹತ್ತು ಮಕ್ಕಳನ್ನು ಹೆತ್ತವಳು ಅವಳೇ ಎಂಬುದು ಅವರಿಗೆ ಹೊಳೆದಂತಿಲ್ಲ. ಗ್ರೀಕ್ ಭಾಷೆಗೆ ಅನುವಾದ ಮಾಡಿದವರಿಗೆ ಅದು ಹೊಳೆದಿತ್ತು. ಸೆಪ್ಟುವಜಿಂಟ್ ಎಂಬ ಆ ಪ್ರಾಚೀನ ಅನುವಾದದಲ್ಲಿ ಅವಳಿಗೆ ಇನ್ನೂ ಉದ್ದದ ಮಾತಿದೆ, ಅದರಲ್ಲಿ ಹೆತ್ತ ನೋವು ವ್ಯರ್ಥವಾದ ಸಂಕಟ ಇದೆ. ಕಷ್ಟದಲ್ಲಿ ಅರ್ಥ ಹುಡುಕುವ ಅವಕಾಶ ಯಾರಿಗೆ ಸಿಗುತ್ತದೆ, ಯಾರ ಕಷ್ಟ ಬೇರೆಯವರ ಕಥೆಗೆ ಬರಿಯ ಹಿನ್ನೆಲೆಯಾಗುತ್ತದೆ ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ.

ಒಬ್ಬನೇ ಲೇಖಕ, ಎರಡು ಪುಸ್ತಕ

ಲೂಯಿಸ್ ತಮ್ಮ ಬದುಕಿನಲ್ಲಿ ಮೊದಲು ಎಲೀಫಜನಾಗಿ, ಆಮೇಲೆ ಯೋಬನಾಗಿ ಬರೆದರು ಎಂದರೆ ಸ್ವಲ್ಪ ಅನ್ಯಾಯವಾಗಬಹುದು, ಆದರೆ ಪೂರ್ತಿ ಸುಳ್ಳಾಗದು. 1940ರ 'ದಿ ಪ್ರಾಬ್ಲಮ್ ಆಫ್ ಪೇನ್' ತರ್ಕಬದ್ಧವಾದ ಪುಸ್ತಕ. ಕಿವಿಗೊಡದ ಲೋಕವನ್ನು ಎಚ್ಚರಿಸಲು ದೇವರು ಬಳಸುವ ಧ್ವನಿವರ್ಧಕಕ್ಕೆ ನೋವನ್ನು ಹೋಲಿಸಿದ್ದು ಈ ಪುಸ್ತಕದಲ್ಲೇ. ತಾನು ಬೌದ್ಧಿಕ ಸಮಸ್ಯೆಯನ್ನಷ್ಟೇ ಬಿಡಿಸುತ್ತಿದ್ದೇನೆ, ಧೈರ್ಯ ಕಲಿಸುವ ಯೋಗ್ಯತೆ ತನಗಿಲ್ಲ ಎಂದು ಮುನ್ನುಡಿಯಲ್ಲೇ ಹೇಳುವ ಪ್ರಾಮಾಣಿಕತೆ ಅವರಿಗಿತ್ತು.

ಇಪ್ಪತ್ತು ವರ್ಷಗಳ ನಂತರ, 1960ರ ಜುಲೈನಲ್ಲಿ, ಹೆಂಡತಿ ಜಾಯ್ ಡೇವಿಡ್‌ಮನ್ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಲೂಯಿಸ್ ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡದ್ದು ಮರುವರ್ಷ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ ಪುಸ್ತಕವಾಯಿತು. ಅವರ ಸ್ವಂತ ಹೆಸರಿನಲ್ಲಿ ಅದು ಬಂದದ್ದು 1963ರಲ್ಲಿ ಅವರು ಸತ್ತ ಮೇಲೆ. ಇಲ್ಲಿ ಧ್ವನಿವರ್ಧಕದ ಬದಲು ಮುಖಕ್ಕೆ ಮುಚ್ಚಿದ ಬಾಗಿಲಿದೆ, ಒಳಗಿನಿಂದ ಚಿಲಕ ಹಾಕುವ ಸದ್ದಿದೆ. ದೇವರಿಲ್ಲ ಎನ್ನಿಸಿಬಿಡುತ್ತದೆ ಎಂಬ ಭಯ ಅವರಿಗಿಲ್ಲ. ದೇವರಿದ್ದಾನೆ, ಅವನು ಇಂಥವನು ಎಂದು ನಂಬಬೇಕಾಗಿ ಬರುತ್ತದೆ ಎಂಬುದು ಅವರ ಭಯ. ಇದು ನಾಸ್ತಿಕತೆಗಿಂತ ಕಠಿಣವಾದ ಶೋಧನೆ. ನಾಸ್ತಿಕನಿಗೆ ದೂರು ಕೊಡಲು ಎದುರಿಗೆ ಯಾರೂ ಇಲ್ಲ. ಇವರಿಗೆ ಎದುರಿನವನು ಇದ್ದಾನೆ, ಅವನು ಒಳ್ಳೆಯವನೇ ಎಂಬ ಖಾತ್ರಿ ಹೋಗಿದೆ.

ಪುಸ್ತಕದ ಬಹುಭಾಗ ದೇವರ ಬಗ್ಗೆ, ಹೆಂಡತಿಯ ಬಗ್ಗೆ ಪ್ರಥಮ ಪುರುಷದಲ್ಲಿ ನಡೆಯುವ ವಿಚಾರಣೆ. ಆದರೆ ಒಂದೆರಡು ಕಡೆ ವಾಕ್ಯ ತಟ್ಟನೆ ಮುರಿದು, ಸತ್ತ ಹೆಂಡತಿಯನ್ನೇ ನೇರವಾಗಿ ಕರೆಯುತ್ತದೆ. ಆ ಕರೆಯಲ್ಲಿ ಅವರಿಗೆ ಒಂದು ವಿಷಯ ಅರ್ಥವಾಗುತ್ತಾ ಹೋಗುತ್ತದೆ. ನೆನಪಿನಲ್ಲಿ ತಾನು ಕಟ್ಟಿಕೊಳ್ಳುತ್ತಿರುವ ಹೆಂಡತಿ ನಿಜವಾದ ಅವಳಲ್ಲ, ತನ್ನ ಅನುಕೂಲಕ್ಕೆ ಮಾಡಿಕೊಂಡ ಗೊಂಬೆ. ದೇವರ ಬಗೆಗಿನ ತನ್ನ ಚಿತ್ರವೂ ಹಾಗೆಯೇ ಒಡೆಯಬೇಕಾದದ್ದು. ಕೊನೆಯ ಪುಟಗಳಲ್ಲಿ ಬಾಗಿಲಿನ ಚಿತ್ರ ಮತ್ತೆ ಬಂದಾಗ ಉತ್ತರವೇನೂ ಬಂದಿಲ್ಲ, ಆದರೆ ಉತ್ತರ ಇಲ್ಲದಿರುವುದರ ಗುಣ ಬದಲಾಗಿದೆ. ಮುಚ್ಚಿದ ಬಾಗಿಲಿನ ಮೌನ ಈಗ ಎದುರು ಕೂತು ನೋಡುತ್ತಿರುವವರ ಮೌನದಂತಿದೆ. 1940ರ ತರ್ಕ ಯಾವುದೂ ಇಲ್ಲಿ ಖಂಡನೆಯಾಗಿಲ್ಲ. ಅದು ಕೆಲಸಕ್ಕೆ ಬರಲಿಲ್ಲ, ಅಷ್ಟೇ.

ಜೌಗಿನಂಥ ಮೌನ

ಎಂಡೊ (1923–1996) ಕೆಥೊಲಿಕರಾದದ್ದು ಬಾಲ್ಯದಲ್ಲಿ, ತಾಯಿಯ ಒತ್ತಾಯಕ್ಕೆ. ತಾಯಿ ತೊಡಿಸಿದ, ತನ್ನ ಮೈಗೆ ಹೊಂದದ ಪಾಶ್ಚಾತ್ಯ ಉಡುಪಿಗೆ ಅವರು ತಮ್ಮ ಧರ್ಮವನ್ನು ಹೋಲಿಸಿಕೊಂಡದ್ದುಂಟು. 'ಮೌನ' ಹದಿನೇಳನೇ ಶತಮಾನದ ಜಪಾನಿನಲ್ಲಿ ನಡೆಯುತ್ತದೆ. 1614ರಲ್ಲಿ ಕ್ರೈಸ್ತ ಧರ್ಮ ನಿಷೇಧವಾಗಿದೆ. ಹಿರಿಯ ಜೆಸ್ವಿಟ್ ಪಾದ್ರಿ ಫೆರೇರಾ 1633ರಲ್ಲಿ ಚಿತ್ರಹಿಂಸೆಗೆ ಸೋತು ನಂಬಿಕೆ ತ್ಯಜಿಸಿದ್ದು ಚರಿತ್ರೆ. ಈ ಸುದ್ದಿಯನ್ನು ನಂಬಲಾಗದ ಶಿಷ್ಯ ರೊಡ್ರಿಗಸ್ ಲಿಸ್ಬನ್ನಿನಿಂದ ಗೋವಾ, ಮಕಾವ್ ದಾಟಿ ಗುಟ್ಟಾಗಿ ಜಪಾನಿಗೆ ಬರುವುದು ಕಾದಂಬರಿ.

ಅವನು ಹುತಾತ್ಮನಾಗಲು ಸಿದ್ಧನಾಗಿ ಬಂದವನು. ಆದರೆ ಅವನ ಕಣ್ಣೆದುರು ಸಾಯುವವರು ಬಡ ರೈತರು. ಮೊಕಿಚಿ, ಇಚಿಜೊ ಎಂಬ ಇಬ್ಬರನ್ನು ಸಮುದ್ರದ ಅಂಚಿನಲ್ಲಿ ಕಂಬಗಳಿಗೆ ಕಟ್ಟುತ್ತಾರೆ. ಉಬ್ಬರ ಏರುತ್ತದೆ, ಇಳಿಯುತ್ತದೆ, ಅವರು ನಿಧಾನವಾಗಿ ಸಾಯುತ್ತಾರೆ. ಸಮುದ್ರ ಮೊದಲಿನಂತೆಯೇ ಇದೆ. ನೀನೇಕೆ ಸುಮ್ಮನಿದ್ದೀಯ ಎಂಬ ರೊಡ್ರಿಗಸ್‌ನ ಪ್ರಶ್ನೆ ಇಲ್ಲಿಂದ ಬೆಳೆಯುತ್ತದೆ. ಕೊನೆಗೆ ಸೆರೆಮನೆಯ ಕತ್ತಲಲ್ಲಿ ಅವನಿಗೆ ಗೊರಕೆಯ ಸದ್ದು ಕೇಳಿಸುತ್ತದೆ, ಕಾವಲುಗಾರನದಿರಬೇಕೆಂದು ನಗು ಬರುತ್ತದೆ. ಅದು ಗೊರಕೆಯಲ್ಲ, ಗುಂಡಿಯೊಳಗೆ ತಲೆಕೆಳಗಾಗಿ ನೇತುಹಾಕಿದ ರೈತರ ನರಳಾಟ ಎಂದು ಫೆರೇರಾ ತಿಳಿಸುತ್ತಾನೆ. ಆ ರೈತರು ಈಗಾಗಲೇ ನಂಬಿಕೆ ತ್ಯಜಿಸಿದ್ದಾರೆ. ಪಾದ್ರಿ ತ್ಯಜಿಸುವವರೆಗೆ ಅವರಿಗೆ ಬಿಡುಗಡೆಯಿಲ್ಲ. ಅವನು ಮಾಡಬೇಕಾದದ್ದು ಕ್ರಿಸ್ತನ ಚಿತ್ರವಿರುವ 'ಫುಮಿಎ' ಫಲಕದ ಮೇಲೆ ಕಾಲಿಡುವುದು. ಆ ಗಳಿಗೆಯಲ್ಲಿ ಚಿತ್ರದೊಳಗಿನ, ಸಾವಿರ ಕಾಲುಗಳು ತುಳಿದು ಸವೆದ ಮುಖ ಅವನಿಗೆ ತುಳಿಯಲು ಹೇಳಿದಂತೆ ಕೇಳಿಸುತ್ತದೆ. ಅವನು ತುಳಿಯುತ್ತಾನೆ. ಕೋಳಿ ಕೂಗುತ್ತದೆ.

ಅದು ದೇವರ ದನಿಯೇ, ಸೋತ ಮನಸ್ಸಿನ ಸಮರ್ಥನೆಯೇ? ಕಾದಂಬರಿ ತೀರ್ಪು ಕೊಡುವುದಿಲ್ಲ. ಪ್ರಕಟವಾದಾಗ ಜಪಾನಿನ ಕೆಥೊಲಿಕರಲ್ಲೇ ಹಲವರು ಅದನ್ನು ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ನಿರೂಪಣೆಯ ರೀತಿ. ಮೊದಲ ಅಧ್ಯಾಯಗಳು ರೊಡ್ರಿಗಸ್‌ನ ಪತ್ರಗಳು, 'ನಾನು' ಎಂಬ ದನಿಯಲ್ಲಿವೆ. ಅವನು ಸೆರೆಯಾದ ಮೇಲೆ ಕಥೆ 'ಅವನು' ಎಂದು ನಡೆಯುತ್ತದೆ. ಕಟ್ಟಕಡೆಗೆ ಉಳಿಯುವುದು ಅಧಿಕಾರಿಯೊಬ್ಬನ ದಿನಚರಿಯ ಒಣ ದಾಖಲೆ. ಹೊರಗಿನವರಿಗೆ ಈ ಮನುಷ್ಯ ಜಪಾನಿ ಹೆಸರು ಹೊತ್ತ ಧರ್ಮಭ್ರಷ್ಟ. ಒಳಗೆ 'ನೀನು' ಎಂಬ ಸಂಬೋಧನೆ ನಿಂತಿದೆಯೋ ಇಲ್ಲವೋ ಎಂಬುದಕ್ಕೆ ದಾಖಲೆಯಲ್ಲಿ ಜಾಗವೇ ಇಲ್ಲ.

ಆದರೂ ಎಂಡೊ ಅವರ ಮೇಲೆ ನನ್ನದೊಂದು ಆಕ್ಷೇಪವಿದೆ. ಮೊಕಿಚಿ ನೀರಿನಲ್ಲಿ ಸಾಯುವಾಗ ಹಾಡುತ್ತಾನೆ. ಆ ಹಾಡು ಪಾದ್ರಿಯ ಸಂದೇಹಕ್ಕೆ ಇಂಧನವಾಗುತ್ತದೆಯೇ ಹೊರತು, ಮೊಕಿಚಿಗೆ ಅದು ಏನಾಗಿತ್ತು ಎಂಬ ಕಡೆ ಕಾದಂಬರಿ ತಿರುಗುವುದಿಲ್ಲ. ಯೋಬನ ಹೆಂಡತಿಯಂತೆ ಮೊಕಿಚಿಯೂ ಬೇರೊಬ್ಬನ ಶೋಧನೆಯ ಸಲಕರಣೆಯಾಗಿ ಉಳಿಯುತ್ತಾನೆ.

ಯಾರ ಕಷ್ಟ, ಯಾರ ಅರ್ಥ

ಈ ಕೊರತೆಯನ್ನು ನೇರವಾಗಿ ಎದುರಿಸಿದವರು ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಸ್. ಬಡವರ ನಡುವೆ ಕೆಲಸ ಮಾಡುತ್ತಾ 1986ರಲ್ಲಿ ಯೋಬನ ಗ್ರಂಥದ ಮೇಲೆ ಅವರು ಬರೆದ ಪುಸ್ತಕದಲ್ಲಿ 24ನೇ ಅಧ್ಯಾಯಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿ ಯೋಬ ತನ್ನ ನೋವಿನಿಂದ ಕಣ್ಣೆತ್ತಿ ಬೇರೆಯವರನ್ನು ನೋಡುತ್ತಾನೆ: ಹೊದೆಯಲು ಬಟ್ಟೆಯಿಲ್ಲದೆ ಚಳಿಯಲ್ಲಿ ಮಲಗುವವರು, ಹಸಿದ ಹೊಟ್ಟೆಯಲ್ಲಿ ಸಿವುಡು ಹೊರುವವರು, ದ್ರಾಕ್ಷಿ ತುಳಿಯುತ್ತಾ ಬಾಯಾರಿರುವವರು. ನನಗೇಕೆ ಎಂಬ ಪ್ರಶ್ನೆ ಇವರಿಗೇಕೆ ಎಂದು ಹಿಗ್ಗುತ್ತದೆ. ಇಂಥ ಪ್ರಶ್ನೆ ನಮ್ಮಲ್ಲೂ ಎದ್ದಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸ ಮುಂದೆ ದಲಿತ ದೇವತಾಶಾಸ್ತ್ರ ಎಂದು ಬೆಳೆದ ಚಿಂತನೆಗೆ ಒಂದು ಆರಂಭ. ದಲಿತರಿಗೆ ನೋವು ಎಂಬುದು ದೇವರನ್ನು ಅರಿಯುವ ದಾರಿಯೇ ಆಗಿದೆ ಎಂದು ನಿರ್ಮಲ್ ವಾದಿಸಿದರು. ಇದನ್ನು ಎಚ್ಚರದಿಂದ ಓದಬೇಕು. ನೋವನ್ನು ಉಂಡವನು ತಾನಾಗಿ ಈ ಮಾತು ಹೇಳಿದರೆ ಅದು ಅರಿವು. ನೋವನ್ನು ಕೊಟ್ಟವನೋ, ದೂರ ನಿಂತು ನೋಡಿದವನೋ ಹೇಳಿದರೆ ಅದು ಎಲೀಫಜನ ಭಾಷಣ. ಮಾತು ಒಂದೇ ಇರಬಹುದು, ಆಡುವ ಬಾಯಿಯ ಮೇಲೆ ಅದರ ನಿಜ ನಿಂತಿದೆ.

ಕ್ರೈಸ್ತ ಪರಂಪರೆಯ ಕೇಂದ್ರದಲ್ಲಿರುವ ಗಳಿಗೆಯೂ ಇದನ್ನೇ ಹೇಳುತ್ತದೆ. ಮಾರ್ಕ ಮತ್ತು ಮತ್ತಾಯರ ಸುವಾರ್ತೆಗಳಲ್ಲಿ ಶಿಲುಬೆಯ ಮೇಲಿನ ಯೇಸುವಿನ ಕೊನೆಯ ಮಾತು ಒಂದು ಪ್ರಶ್ನೆ, ಕೈಬಿಟ್ಟದ್ದೇಕೆ ಎಂಬ ಪ್ರಶ್ನೆ. ಲೂಕ, ಯೋಹಾನರಲ್ಲಿ ಅದು ಇಲ್ಲ, ಅಲ್ಲಿ ಶಾಂತವಾದ ಮಾತುಗಳಿವೆ. ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ಯಾವ ಉತ್ತರವೂ ಬರುವುದಿಲ್ಲ. ಆದರೆ ಅದು ದೇವರ ಕುರಿತ ಹೇಳಿಕೆಯಲ್ಲ, ದೇವರನ್ನು ಕರೆದು ಕೇಳಿದ್ದು. ಕೈಬಿಟ್ಟವನನ್ನೇ ಕರೆಯುವ ಈ ವಿರೋಧಾಭಾಸವನ್ನು ಬಿಡಿಸಿ ಸರಳ ಮಾಡಿದರೆ ಏನೂ ಉಳಿಯುವುದಿಲ್ಲ.

ಇನ್ನು ಆ ಗೆಳೆಯರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಭಾಷಣ ಶುರುಮಾಡುವ ಮೊದಲು ಅವರು ಏಳು ಹಗಲು ಏಳು ರಾತ್ರಿ ಯೋಬನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡದೆ. ಇಡೀ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಯಹೂದಿ ಸಂಪ್ರದಾಯ ಅದನ್ನು ಮರೆಯಲಿಲ್ಲ. ಸೂತಕದ ಏಳು ದಿನ ನೋಡಲು ಬಂದವರು, ಮನೆಯವರು ಮೊದಲು ಬಾಯಿ ತೆರೆಯುವವರೆಗೆ ಮಾತಾಡಬಾರದು ಎಂಬ ನಿಯಮವನ್ನು ಅವರು ಕಲಿತದ್ದು ಯೋಬನ ಗೆಳೆಯರಿಂದ.